ಲಾಯದ ಹಿಂದಿನ ಹುಲ್ಲು

ಗಣೇಶ ಚೌತಿ ಕಳೆದ ನಾಲ್ಕನೆಯ ದಿನ, ಬೆಳಿಗ್ಗೆ ಆರೂವರೆಗೆ, ನಾನು ಕುದುರೆ ಲಾಯದ ಹಿಂದಿನ ದಿಬ್ಬದ ಮೇಲೆ ನಿಂತಿದ್ದೆ. ಡಿಸ್ಪೆನ್ಸರಿಯಿಂದ ಬರುವ ಕಾಲುದಾರಿ ಅಲ್ಲಿ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಒಂದು ಸಿಲ್ವರ್ ಓಕ್ ಮರವಿತ್ತು. ನನ್ನ ಬಲಗೈ ಅದರ ಮೇಲಿತ್ತು. ಗಂಟೆಯ ಬಗ್ಗೆ ನನಗೆ ಸಂಶಯವಿಲ್ಲ, ಹಾಜರಿ ಗಂಟೆಯನ್ನು ಆಗತಾನೆ ಬಡಿದಿದ್ದರು. ಮಳೆ ನಿಂತಿತ್ತು. ಕೆಳಗೆ, ನನ್ನಿಂದ ಇಪ್ಪತ್ತು ಮಾರು ದೂರದಲ್ಲಿ, ಲಾಯದ ಅಜ್ಜ ಮೊಣಕಾಲೂರಿ ಕೂತು ಹುಲ್ಲು ಕೀಳುತ್ತಿದ್ದ. ಕೊಯ್ಯುತ್ತಿರಲಿಲ್ಲ, ಕೀಳುತ್ತಿದ್ದ. ಕುಡುಗೋಲು ಪಕ್ಕದಲ್ಲಿ ಮಣ್ಣಿಗೆ ಚುಚ್ಚಿಕೊಂಡು ನಿಂತಿತ್ತು. ಒಂದೊಂದು ಬುಡವನ್ನೂ ಎರಡು ಕೈಯಲ್ಲಿ ಹಿಡಿದು, ಹಿಂದಕ್ಕೆ ವಾಲಿ, ಬೇರು ಸಮೇತ ಎಳೆದು, ಮಣ್ಣು ಕೊಡವದೆ ಎಡಕ್ಕೆ ಎಸೆಯುತ್ತಿದ್ದ. ಹುಲ್ಲಿನ ಮಡಿಯ ಮುಕ್ಕಾಲು ಭಾಗ ಆಗಲೇ ಕೆಸರಾಗಿತ್ತು. ಎಷ್ಟು ಹೊತ್ತಿಗೆ ಶುರುಮಾಡಿದ್ದನೋ ನಾನು ನೋಡಿಲ್ಲ.

ಅದು ಅವನೇ ಆರು ವರ್ಷ ಸಾಕಿದ ಹುಲ್ಲು. ಅದನ್ನು ಕೀಳುವಂತೆ ಮಾಡಿದವನು ನಾನು.

ನಾನು ಆ ತೋಟದಲ್ಲಿ ಕಾಂಪೌಂಡರ್ ಆಗಿದ್ದೆ. ಕೊಟ್ಟಿಗೆಹಾರದಿಂದ ಮೂರು ಮೈಲಿ ಒಳಗೆ, ಬಿಳಿಯ ದೊರೆಯೊಬ್ಬರ ಕಾಫಿ ತೋಟ. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಸಿಗುವಂತಾಗಿ ದೊರೆಯ ಕಾರು ಶೆಡ್ಡಿನಲ್ಲಿ ಕೂತುಬಿಟ್ಟಿತ್ತು. ಅಷ್ಟು ದಿನ ಹೆಚ್ಚಿನ ಕೆಲಸವಿಲ್ಲದೆ ಇದ್ದ ಕಂದು ಹೆಣ್ಣು ಕುದುರೆಗೆ ಮತ್ತೆ ಜೀನು ಬಿದ್ದಿತ್ತು. ಮೇಲಿನ ಡಿವಿಷನ್ನಿಗೆ ಹೋಗಬೇಕಾದರೆ ದೊರೆಗೆ ಅವಳೇ ಗತಿ. ಅವಳನ್ನು ನೋಡಿಕೊಳ್ಳುತ್ತಿದ್ದವನು ಗೋಣಿಬೀಡಿನ ಕಡೆಯ ಈ ಮುದುಕ. ತೋಟದಲ್ಲೆಲ್ಲ ಅವನನ್ನು ಲಾಯದ ಅಜ್ಜ ಎಂದೇ ಕರೆಯುತ್ತಿದ್ದರು. ಕುದುರೆಗೆ ಒಬ್ಬ ಆಳಿದ್ದರೆ ಹುಲ್ಲಿಗೊಬ್ಬಳು ಇರಬೇಕೆಂಬುದು ತೋಟಗಳ ಪದ್ಧತಿ. ಹುಲ್ಲಿನವಳು ಅವನ ಹೆಂಡತಿ. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಮಕ್ಕಳಿರಲಿಲ್ಲ.

ಆ ಲಾಯದ ಬೆಳಗುಗಳನ್ನು ನಾನು ಈಗಲೂ ಹುಡುಕುತ್ತೇನೆ. ಈಗ ನಾನಿರುವ ಊರಿನಲ್ಲಿ ಕುದುರೆಗಳಿಲ್ಲ. ಒಮ್ಮೊಮ್ಮೆ ಎಲ್ಲಿಂದಲೋ ಒದ್ದೆ ಚರ್ಮದ ವಾಸನೆ, ನೆನೆಸಿದ ಹುರುಳಿಯ ವಾಸನೆ ಬಂದಂತಾಗಿ ರಸ್ತೆಯಲ್ಲಿ ನಿಂತುಬಿಡುತ್ತೇನೆ. ಡಿಸ್ಪೆನ್ಸರಿ ತೆರೆಯುವ ಮೊದಲು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಅಜ್ಜ ಎದ್ದ ಕೂಡಲೇ ಮೊದಲು ನೋಡುತ್ತಿದ್ದುದು ಲದ್ದಿಯನ್ನು. ಒಂದು ಉಂಡೆ ಎತ್ತಿ, ಮುರಿದು, ಮೂಸಿ, "ಇವತ್ತು ಪರವಾಗಿಲ್ಲ" ಎನ್ನುತ್ತಿದ್ದ. ಆಮೇಲೆ ಅವಳ ಹೊಟ್ಟೆಗೆ ಕಿವಿಯಿಟ್ಟು, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಕೇಳುತ್ತಿದ್ದ. ಅವಳು ತಲೆ ತಿರುಗಿಸಿ ಅವನ ತಲೆವಸ್ತ್ರವನ್ನು ಹಲ್ಲಿನಲ್ಲಿ ಎಳೆದು ಕೆಳಗೆ ಹಾಕುತ್ತಿದ್ದಳು. ದಿನಾ ಹಾಕುತ್ತಿದ್ದಳು. ದಿನಾ ಅವನು "ಥೂ ನಿನ್ನ" ಎಂದು ಬೈದು ಎತ್ತಿ ಸುತ್ತಿಕೊಳ್ಳುತ್ತಿದ್ದ.

"ಇವ್ರು ಮೊದ್ಲು ಆ ಕುದುರೇಗೆ ತಾಳಿ ಕಟ್ಟಿದ್ದು ಡಾಕ್ಟ್ರೇ, ನಂಗೆ ಆಮೇಲೆ" ಎಂದು ಅವನ ಹೆಂಡತಿ ನನ್ನೆದುರಿಗೇ ಹೇಳುತ್ತಿದ್ದಳು. ಕಾಂಪೌಂಡರನನ್ನೂ ಅಲ್ಲಿ ಡಾಕ್ಟ್ರೇ ಎಂದೇ ಕರೆಯುತ್ತಿದ್ದರು.

"ಅವ್ಳು ನಿನ್ನಷ್ಟು ಮಾತಾಡಲ್ಲ" ಎನ್ನುತ್ತಿದ್ದ ಅಜ್ಜ.

ಲಾಯದ ಹಿಂದಿನ ತಗ್ಗಿನಲ್ಲಿ ಅವನೊಂದು ಗಿನಿ ಹುಲ್ಲಿನ ಮಡಿ ಮಾಡಿದ್ದ. ಎರಡು ಗುಂಟೆ ಇದ್ದೀತು. ತೋಟದಲ್ಲಿ ಗೊಬ್ಬರಕ್ಕೆ ಬಹಳ ಬೆಲೆ. ಕೊಟ್ಟಿಗೆಯದಾಗಲಿ ಲಾಯದ್ದಾಗಲಿ ಒಂದು ಬುಟ್ಟಿಯೂ ಬಿಡದೆ ಕಾಫಿ ಗಿಡದ ಬುಡಕ್ಕೆ ಹೋಗಬೇಕು. ಅಜ್ಜ ಮೇಸ್ತ್ರಿಯ ಕಣ್ಣು ತಪ್ಪಿಸಿ ದಿನದ ಲದ್ದಿಯಲ್ಲಿ ಅರ್ಧವನ್ನು ಈ ಹುಲ್ಲಿಗೆ ಹಾಕುತ್ತಿದ್ದ. ಲಾಯ ತೊಳೆದ ನೀರೂ ಅಲ್ಲಿಗೇ ಹರಿಯುವಂತೆ ಸಣ್ಣ ಚರಂಡಿ ತೋಡಿದ್ದ. ಒಂದು ಸಲ ಮೇಸ್ತ್ರಿ ಹಿಡಿದೂ ಹಿಡಿದ.

"ಏನ್ ಮಾರಾಯ, ತೋಟದ ಗೊಬ್ರ ಕದ್ದು ಹುಲ್ಲಿಗ್ ಹಾಕ್ತೀಯಲ್ಲ, ಹುಲ್ಲಲ್ಲಿ ಕಾಫಿ ಬಿಡುತ್ತಾ?"

"ಕಾಫಿ ಗಿಡಕ್ಕೆ ಹಾಕಿದ್ರೆ ದೊರೆ ಕುಡೀತಾರೆ, ಹುಲ್ಲಿಗೆ ಹಾಕಿದ್ರೆ ದೊರೇನ ಹೊರೋಳು ತಿಂತಾಳೆ. ಎರಡೂ ಒಂದೇ ಕಡೆ ಹೋಗೋದು ಬಿಡೋ. ಅವಳದ್ದು ಅವಳಿಗೇ."

ಮೇಸ್ತ್ರಿ ನಕ್ಕು ಹೋದ. ಅವಳದ್ದು ಅವಳಿಗೇ. ಆ ಮಾತು ಎಷ್ಟು ಸರಿಯಾಗಿದೆ ಎಂದು ನಾನೂ ಮೆಚ್ಚಿಕೊಂಡೆ. ಹುಲ್ಲು ಸೊಂಟದೆತ್ತರ ಬೆಳೆಯುತ್ತಿತ್ತು. ಮಳೆಗಾಲದಲ್ಲಿ ಬೇರೆ ತೋಟದ ಕುದುರೆಗಳು ಒಣಹುಲ್ಲು ಜಗಿಯುವಾಗ ನಮ್ಮವಳ ಮುಂದೆ ಇಬ್ಬನಿ ಆರದ ಹಸಿ ಹುಲ್ಲು ಬೀಳುತ್ತಿತ್ತು.

ಆ ವರ್ಷ ಆಷಾಢದಲ್ಲಿ ಅವಳ ಮೈ ಇಳಿಯಿತು. ಮೊದಲು ಮೈಯ ಹೊಳಪು ಹೋಯಿತು. ಬೇಸಗೆಯಲ್ಲಿ ಉದುರಬೇಕಾದ ಕೂದಲು ಉದುರದೆ ಒರಟಾಗಿ ನಿಂತಿತು. ಪಕ್ಕೆಲುಬು ಕಂಡವು, ಹೊಟ್ಟೆ ಮಾತ್ರ ಜೋತುಬಿತ್ತು. ಬಾಲದ ಬುಡವನ್ನು ಕಂಬಕ್ಕೆ ತಿಕ್ಕುತ್ತಿದ್ದಳು. ನಾನು ತುಟಿ ಮಡಚಿ ಒಸಡು ನೋಡಿದೆ, ಸುಣ್ಣ ಬಳಿದಂತೆ ಬಿಳಿಚಿತ್ತು. ಕೂಲಿ ಲೈನಿನ ಸಾಲುಮನೆಗಳ ಹೆಂಗಸರ ಕಣ್ಣಿನ ರೆಪ್ಪೆಯೊಳಗೆ ಆ ಬಣ್ಣವನ್ನು ನಾನು ದಿನಾ ನೋಡುತ್ತಿದ್ದೆ. ಅವರದು ಕೊಕ್ಕೆಹುಳ. ಅದಕ್ಕೆಂದೇ ಡಿಸ್ಪೆನ್ಸರಿಗೆ ಒಂದು ಹಳೆಯ ಸೂಕ್ಷ್ಮದರ್ಶಕ ಕೊಡಿಸಿದ್ದರು. ಲದ್ದಿಯನ್ನು ಉಪ್ಪುನೀರಿನಲ್ಲಿ ಕದಡಿ, ತೇಲಿದ್ದನ್ನು ಗಾಜಿನ ಮೇಲಿಟ್ಟು ನೋಡಿದೆ. ಮೊಟ್ಟೆಗಳು, ಎಣಿಸಲಾರದಷ್ಟು.

ಅಗಸೆ ಎಣ್ಣೆಯಲ್ಲಿ ಟರ್ಪೆಂಟೈನ್ ಬೆರೆಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದೆವು. ಅಜ್ಜ ತಲೆ ಎತ್ತಿ ಹಿಡಿದ, ನಾನು ಹೊಯ್ದೆ. ಮರುದಿನ ಹುಳ ಬಿದ್ದವು. ಮೂರು ವಾರ ಚೇತರಿಸಿಕೊಂಡಳು; ಮತ್ತೆ ಮೊದಲಿನಂತೆಯೇ ಆದಳು. ಶ್ರಾವಣದಲ್ಲಿ ಮತ್ತೆ ಕುಡಿಸಿದೆ. ಮತ್ತೆ ಬಿದ್ದವು, ಮತ್ತೆ ತುಂಬಿಕೊಂಡವು. ಪ್ರತಿ ಸಲ ಅವಳು ಇಳಿದಾಗಲೂ ಅಜ್ಜ ಹೆಂಡತಿಗೆ ಹೇಳುತ್ತಿದ್ದುದು ಒಂದೇ: "ಚರಂಡಿ ಪಕ್ಕದ್ದು ಕೊಯ್ಯಿ. ಅಲ್ಲೇ ಹುಲ್ಲು ಮೆತ್ತಗಿರೋದು."

ಭಾದ್ರಪದ ಹಿಡಿದ ಮೇಲೆ ಒಂದು ದಿನ ದೊರೆ ಅವಳನ್ನು ಹತ್ತಿ ಮೇಲಿನ ಡಿವಿಷನ್ನಿಗೆ ಹೊರಟರು. ಮೊದಲ ಏರಿನಲ್ಲೇ ಅವಳು ನಿಂತಳು, ಕಾಲು ನಡುಗಿತು. ದೊರೆ ಇಳಿದು ನಡೆಸಿಕೊಂಡೇ ಹಿಂದಕ್ಕೆ ತಂದರು. ಅವಳ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು, ನಮ್ಮ ಕಡೆ ನೋಡದೆ, ತಮ್ಮ ಕನ್ನಡದಲ್ಲಿ ಹೇಳಿದರು: "ಹಣ್ಣು ಕುಯ್ಲು ಶುರು ಆಗೋ ಮುಂಚೆ ಇವಳು ನನ್ನನ್ನು ಮೇಲಿನ ಡಿವಿಷನ್ ಬಂಗ್ಲೆ ತನಕ ತಗೊಂಡು ಹೋಗ್ಬೇಕು. ಇಲ್ಲ ಅಂದ್ರೆ ನಾನೇ ಗುಂಡು ಹಾಕ್ತೀನಿ. ಜಟ್ಕಾದವರಿಗೆ ಮಾರೋದಿಲ್ಲ."

ಅವರ ಮನಸ್ಸಿನಲ್ಲಿ ಅದು ದಯೆ. ನರಳುವ ಕುದುರೆಯನ್ನು ಮಾರಬಾರದು, ಮುಗಿಸಬೇಕು ಎಂಬುದು ಅವರ ಕಡೆಯ ಪದ್ಧತಿ. ಅಜ್ಜ ಜೀನು ಇಳಿಸಿ, ಬೆವರು ಒರೆಸಿ, ಹುಲ್ಲು ಹಾಕಿದ.

ಚೌತಿಯ ಮರುದಿನ ಲೈನಿನ ಹಿಂದೆ ನಿಂತು ಕೂಲಿಗಳಿಗೆ ನಾನು ದಿನಾ ಹೇಳುವ ಮಾತನ್ನೇ ಹೇಳುತ್ತಿದ್ದೆ: ಹೊರಕಡೆ ಹೋದ ಜಾಗದಲ್ಲಿ ಬರಿಗಾಲಲ್ಲಿ ಓಡಾಡಬೇಡಿ, ಹುಳ ಅಲ್ಲಿಂದಲೇ ಮತ್ತೆ ಮೈಗೆ ಹತ್ತುತ್ತದೆ. ಮಾತು ಬಾಯಲ್ಲಿರುವಾಗಲೇ ನಿಲ್ಲಿಸಿದೆ. ಕುದುರೆ ಮಳೆಗಾಲದಲ್ಲಿ ಎಲ್ಲಿಯೂ ಮೇಯುವುದಿಲ್ಲ. ಲಾಯದಲ್ಲೇ ನಿಂತಿರುತ್ತಾಳೆ. ಅವಳ ಬಾಯಿಗೆ ಹೊರಗಿನಿಂದ ಬರುವುದು ಒಂದೇ.

ಅದರ ಮರುದಿನ ಬೆಳಿಗ್ಗೆ ಚರಂಡಿಯ ಪಕ್ಕದ ಹುಲ್ಲನ್ನು ಒಂದು ಹಿಡಿ ತಂದು, ಬಟ್ಟೆಯಲ್ಲಿ ಕಟ್ಟಿ ಉಗುರು ಬೆಚ್ಚಗಿನ ನೀರಿನಲ್ಲಿ ತೂಗುಬಿಟ್ಟೆ. ಸಂಜೆವರೆಗೆ ಬಿಟ್ಟು ತಳದ ನೀರನ್ನು ನೋಡಿದೆ. ಹೇಗೆ ಹೇಳುವುದೆಂದು ಆ ರಾತ್ರಿಯೆಲ್ಲ ತಿಳಿಯಲಿಲ್ಲ. ಬೆಳಿಗ್ಗೆ ಮತ್ತೊಂದು ಹಿಡಿ ಹುಲ್ಲು ತಂದು ಹಾಗೆಯೇ ಮಾಡಿ, ಚೌತಿ ಕಳೆದ ಮೂರನೆಯ ದಿನ ಸಂಜೆ ಐದಕ್ಕೆ, ಬೆಳಕು ಇರುವಾಗಲೇ, ಅಜ್ಜನನ್ನು ಕರೆಸಿದೆ.

"ಅಜ್ಜ, ಒಂದು ಕಣ್ಣು ಮುಚ್ಚಿ ಇದ್ರಲ್ಲಿ ನೋಡು."

ಅವನು ತಲೆವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿದ. "ಏನೋ ದಾರ ದಾರ ಇದೆ." ಆಮೇಲೆ, "ಅಲ್ಲಾಡ್ತಿದೆ."

"ಅದು ಹುಳದ ಮರಿ. ಅವಳ ಹೊಟ್ಟೇಲಿ ಇರೋ ಹುಳದ್ದು."

"ಲದ್ದೀಲಿ ಇದ್ದೇ ಇರುತ್ತಲ್ಲ ಡಾಕ್ಟ್ರೇ."

"ಇದು ಲದ್ದಿ ಅಲ್ಲ. ನಿನ್ನ ಹುಲ್ಲು ತೊಳೆದ ನೀರು."

ಅವನು ಕಣ್ಣು ತೆಗೆಯಲಿಲ್ಲ. ನಾನು ನಿಧಾನವಾಗಿ ಹೇಳಿದೆ: ಲದ್ದಿಯಲ್ಲಿ ಮೊಟ್ಟೆ ಹೊರಗೆ ಬರುತ್ತದೆ, ತೇವದಲ್ಲಿ ಒಡೆಯುತ್ತದೆ, ಮರಿ ಇಬ್ಬನಿಯಲ್ಲಿ ಹುಲ್ಲಿನ ಎಸಳು ಹತ್ತುತ್ತದೆ, ಅವಳು ಮತ್ತೆ ತಿನ್ನುತ್ತಾಳೆ, ನಾವು ಕುಡಿಸಿದ ಔಷಧ ಒಳಗಿನದನ್ನು ಬೀಳಿಸಿತು, ಹುಲ್ಲು ಮತ್ತೆ ತುಂಬಿತು. ಹುಲ್ಲು ಎಷ್ಟು ಸೊಂಪಾಗಿದೆಯೋ ಅಷ್ಟು ಕೆಟ್ಟದ್ದು ಎಂದೂ ಹೇಳಿದೆ. ಆ ಕೊನೆಯ ಮಾತನ್ನು ಹೇಳಬೇಕಾಗಿರಲಿಲ್ಲ. ಅದು ನಿಜ, ಆದರೆ ಅವನು ಅಷ್ಟು ಹೊತ್ತಿಗೆ ಎಲ್ಲವನ್ನೂ ತಿಳಿದುಕೊಂಡಿದ್ದ.

"ಆರು ವರ್ಷದಿಂದಾನಾ?" ಎಂದ.

"ಅಷ್ಟು ದಿನ ಕೆಲಸ ಇರ್ಲಿಲ್ಲ, ತಡ್ಕೊಂಡಿದ್ಲು" ಎಂದೆ.

ತಲೆವಸ್ತ್ರವನ್ನು ಸುತ್ತಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೋದ. ಮರುದಿನ ಬೆಳಿಗ್ಗೆ ನಾನು ಕಂಡದ್ದನ್ನು ಮೊದಲೇ ಬರೆದಿದ್ದೇನೆ. ನಾನು ದಿಬ್ಬ ಇಳಿದು ಹೋಗಿ ಸಹಾಯ ಮಾಡಲಿಲ್ಲ. ಏಕೆ ಎಂದು ಈಗಲೂ ನನಗೆ ಸ್ಪಷ್ಟವಿಲ್ಲ. ಅವನ ಹೆಂಡತಿ ಲಾಯದ ಹಿಂಬಾಗಿಲಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಅವಳೂ ಇಳಿಯಲಿಲ್ಲ. ಹುಲ್ಲೆಲ್ಲ ಮುಗಿದ ಮೇಲೆ ಅವನು ಎದ್ದು, "ಸುಣ್ಣ ಎಲ್ಲಿದೆ?" ಎಂದು ಅವಳನ್ನು ಕೇಳಿದ್ದು ನನಗೆ ಕೇಳಿಸಿತು.

ಅಂದಿನಿಂದ ಅವನು ಏನೇನು ಮಾಡಿದನೋ ಅದರಲ್ಲಿ ನಾನು ಹೇಳಿದ್ದು ಕಡಿಮೆ. ಚರಂಡಿ ಮುಚ್ಚಿದ. ಮಡಿಗೆ ಸುಣ್ಣ ಹಾಕಿದ. ಲದ್ದಿಯನ್ನು ಬೆಳಿಗ್ಗೆ ಸಂಜೆ ಒಂದು ಉಂಡೆಯೂ ಬಿಡದೆ ಬಳಿದು ದೂರದ ಗುಂಡಿಗೆ ಹೊತ್ತು, ಸೊಪ್ಪು ಮುಚ್ಚಿ, ಒಳಗೆ ಕಾವು ಬರುವಂತೆ ಮಾಡಿದ. ಕೈಯಿಟ್ಟರೆ ಸುಡಬೇಕು, ಹಾಗಿದ್ದರೆ ಮಾತ್ರ ಹುಳ ಸಾಯುತ್ತದೆ ಎಂದಿದ್ದೆ, ಅವನು ದಿನಾ ಕೈಯಿಟ್ಟು ನೋಡುತ್ತಿದ್ದ. ನೆಲಕ್ಕೆ ಹಾಕುತ್ತಿದ್ದ ಹುಲ್ಲನ್ನು ಎದೆಯೆತ್ತರಕ್ಕೆ ಕಟ್ಟಿದ ಬಿದಿರಿನ ಗೂಡೆಗೆ ಹಾಕಿದ. ಕುಡಿಯುವ ನೀರಿನ ತೊಟ್ಟಿಯನ್ನು ಕಲ್ಲಿನ ಮೇಲೇರಿಸಿದ. ಹುಲ್ಲನ್ನು ತರಬೇಕಾದದ್ದು ಇನ್ನು ಮೇಲೆ ಬೋಳುಗುಡ್ಡದಿಂದ, ದನವಾಗಲಿ ಕುದುರೆಯಾಗಲಿ ಮೇಯದ ಕಡೆಯಿಂದ. ಹೋಗಿ ಬರಲು ನಾಲ್ಕು ಮೈಲಿ ಏರು. ಗಂಡ ಹೆಂಡತಿ ಇಬ್ಬರೂ ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ಹೋಗಿ, ರಕ್ತ ಹೀರುವ ಉಂಬಳಗಳನ್ನು ಕಿತ್ತುಕೊಳ್ಳುತ್ತ ಬರುತ್ತಿದ್ದರು. ತಂದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಆರಿಸಿ ಆಮೇಲೆ ಹಾಕಬೇಕು.

ಅವಳು ತಿನ್ನಲಿಲ್ಲ.

ಮೂರು ದಿನ ಒರಟು ಹುಲ್ಲನ್ನು ಮೂಸಿ ಮುಖ ತಿರುಗಿಸಿದಳು. ಹುರುಳಿ ಒಂದಿಷ್ಟು ತಿಂದಳು, ಅಷ್ಟೆ. ಹಿಂದಿನ ಕಿಟಕಿಯ ಕಡೆ ತಿರುಗಿ ನಿಂತಿರುತ್ತಿದ್ದಳು. ಎಲ್ಲಾದರೂ ಯಾರಾದರೂ ಕುಡುಗೋಲು ಮಸೆದ ಸದ್ದಾದರೆ ಕಿವಿ ನಿಮಿರಿಸಿ ಕೆನೆಯುತ್ತಿದ್ದಳು. ಅಂಥ ದನಿಯನ್ನು ನಾನು ಆಮೇಲೆ ಕೇಳಿಲ್ಲ. ಕೆಳಗೆ ಬರಿಯ ಸುಣ್ಣದ ಮಡಿ. ಅಜ್ಜ ಅವಳಿಗೆ ಬೆನ್ನು ಹಾಕಿ ಜೀನಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದ.

"ಒಂದ್ ಹಿಡಿ, ತೊಳ್ದು ಕೊಟ್ರೆ? ದಿಬ್ಬದ ಮೇಲೆ ಒಂಚೂರು ಉಳ್ದಿದೆ" ಎಂದಳು ಹೆಂಡತಿ.

"ಅದ್ನೂ ಕಿತ್ತಾಕು" ಎಂದ.

ನಾಲ್ಕನೆಯ ದಿನ ಮಧ್ಯಾಹ್ನ ನಾನಲ್ಲಿದ್ದೆ. ಅವಳು ಗೂಡೆಯಿಂದ ಒಂದು ಎಳೆ ಎಳೆದಳು. ಸ್ವಲ್ಪ ಹೊತ್ತು ತುಟಿಯಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಜಗಿದಳು. ಅಜ್ಜ ತಿರುಗಿ ನೋಡಲಿಲ್ಲ. ಎಣ್ಣೆ ತಿಕ್ಕುವ ಕೈ ನಿಂತಿತು, ಜಗಿಯುವ ಸದ್ದು ಕೇಳುತ್ತ ಹಾಗೆಯೇ ಕೂತಿದ್ದ.

ಒಂದು ವಾರ ಕಳೆದು ಮೂರನೆಯ ಸಲ ಔಷಧ ಕುಡಿಸಿದೆ. ಈ ಸಲ ಬಿದ್ದವು, ಮತ್ತೆ ತುಂಬಿಕೊಳ್ಳಲಿಲ್ಲ. ವಾರಕ್ಕೊಮ್ಮೆ ಗಾಜಿನಲ್ಲಿ ನೋಡುತ್ತಿದ್ದೆ: ಎಣಿಸಲಾರದ್ದು ಎಣಿಸುವಂತಾಯಿತು, ಆಮೇಲೆ ಹುಡುಕಬೇಕಾಯಿತು. ನವರಾತ್ರಿಯ ಹೊತ್ತಿಗೆ ಒಸಡಿಗೆ ಬಣ್ಣ ಬಂತು. ಮೈ ಇನ್ನೂ ತುಂಬಿರಲಿಲ್ಲ. ಕೆಳಗಿನ ಡಿವಿಷನ್ನಿನಲ್ಲಿ ಕಾಫಿ ಹಣ್ಣು ಅಲ್ಲಲ್ಲಿ ಕೆಂಪಾಗತೊಡಗಿತು. ಅಜ್ಜ ದಾರಿಯಲ್ಲಿ ಹೋಗುವಾಗಲೆಲ್ಲ ಗಿಡದ ರೆಂಬೆ ಹಿಡಿದು ನೋಡುತ್ತಿದ್ದ. ಹಣ್ಣು ತಡವಾಗಲಿ ಎಂದು ಬಯಸಿದ ಆಳು ಆ ತೋಟದಲ್ಲಿ ಅವನೊಬ್ಬನೇ.

ದೀಪಾವಳಿ ಕಳೆದು ಒಂಬತ್ತನೆಯ ದಿನ, ಬೆಳಿಗ್ಗೆ ಎಂಟೂ ಕಾಲಿಗೆ, ದೊರೆ ಹೇಳದೆ ಕೇಳದೆ ಲಾಯಕ್ಕೆ ಬಂದರು. ಮರುದಿನದಿಂದ ಕುಯ್ಲು. ಜೊತೆಯಲ್ಲಿ ಮೇಸ್ತ್ರಿ. ಗಂಡ ಹೆಂಡತಿ ಹುಲ್ಲಿಗೆ ಬೋಳುಗುಡ್ಡಕ್ಕೆ ಹೋಗಿದ್ದರು. ಲದ್ದಿ ತೆಗೆದುಕೊಳ್ಳಲು ಬಂದಿದ್ದ ನಾನು ಅಲ್ಲಿದ್ದೆ. ಅಜ್ಜ ಬರಲಿ, ಒಂದು ಗಂಟೆ ತಾಳಿ ಎಂದೆ. ದೊರೆ ಬೇಡವೆಂದು ತಲೆಯಾಡಿಸಿ ತಾವೇ ಜೀನು ಕಟ್ಟಿದರು. ಅವರ ಹೆಗಲಿನಲ್ಲಿ ಬಂದೂಕಿತ್ತು. ಹಂದಿ ಕಾಟವಿದ್ದ ಕಾಲ, ದಿನಾ ಇರುತ್ತಿತ್ತು. ಅಂದೂ ಇತ್ತು ಎಂದಷ್ಟೇ ನಾನು ಹೇಳಬಲ್ಲೆ.

ನಾನು ಮತ್ತು ಮೇಸ್ತ್ರಿ ಹಿಂದೆ ನಡೆದೆವು. ಮೊದಲ ಏರಿನಲ್ಲಿ ಅವಳು ನಿಂತಳು. ನಾನೂ ನಿಂತೆ. ಆಮೇಲೆ ತಲೆ ತಗ್ಗಿಸಿ, ಮುಂಗಾಲಿನಿಂದ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ, ಹತ್ತಿದಳು. ಎರಡನೆಯ ಏರಿನಲ್ಲಿ ನಿಲ್ಲಲಿಲ್ಲ. ಮೂರನೆಯ ತಿರುವಿನಲ್ಲಿ ಹಿಂಗಾಲು ಒಮ್ಮೆ ಜಾರಿತು, ಸರಿಮಾಡಿಕೊಂಡಳು. ಬಂಗಲೆಯ ಮುಂದೆ ನಿಂತಾಗ ಹೊಟ್ಟೆ ಜೋರಾಗಿ ಏರಿಳಿಯುತ್ತಿತ್ತು, ಕಾಲು ನಡುಗುತ್ತಿರಲಿಲ್ಲ. ದೊರೆ ಇಳಿದು ಅವಳ ಹಣೆ ಉಜ್ಜಿ ನನಗೆ ಹೇಳಿದರು: "ಅವನಿಗೆ ಹೇಳು."

ಅದೇ ಹೊತ್ತಿಗೆ ಕೆಳಗೆ ನಡೆದದ್ದನ್ನು ನಾನು ನೋಡಿಲ್ಲ, ಅಜ್ಜನ ಹೆಂಡತಿ ಹೇಳಿದ್ದು. ಅವರು ಹೊರೆ ಹೊತ್ತು ಬಂದಾಗ ಲಾಯ ಖಾಲಿ. ಕಟ್ಟುವ ಹಗ್ಗ ಗೂಟದಲ್ಲಿತ್ತು. ಗೊಬ್ಬರ ಹೊರುವವರು ಯಾರೋ, ದೊರೆ ಬಂದೂಕು ಹಾಕಿಕೊಂಡು ಕರೆದುಕೊಂಡು ಹೋದರು ಎಂದರಂತೆ. ಅಜ್ಜ ಹೊರೆಯನ್ನು ಕೆಳಗೆ ಹಾಕಿ ಅದರ ಮೇಲೇ ಕೂತನಂತೆ. "ಹೋಗಿ ನೋಡ್ರಿ" ಎಂದು ಇವಳೆಂದರೆ, "ಸದ್ದು ಕೇಳಿದ್ರೆ ಸಾಕು, ಹೋಗಿ ಯಾಕ್ ನೋಡ್ಲಿ" ಎಂದನಂತೆ. ಸದ್ದಿಗಾಗಿ ಕಾಯುತ್ತ ಕೂತ.

ದೊರೆ ಮೇಲೆಯೇ ಉಳಿದರು. ನಾನು ಅವಳನ್ನು ನಡೆಸಿಕೊಂಡು ಇಳಿದೆ. ಲಾಯದ ಅಂಗಳಕ್ಕೆ ಬಂದಾಗ ಅವನು ಏಳಲಿಲ್ಲ. ನಮ್ಮನ್ನು ನೋಡಿದ; ನೋಡಿದ್ದು ನಂಬಿಕೆಯಾದಂತೆ ಕಾಣಲಿಲ್ಲ. ಅವಳು ನನ್ನ ಕೈಯಿಂದ ಲಗಾಮು ಎಳೆದುಕೊಂಡು ಹೋಗಿ ಅವನು ಕೂತಿದ್ದ ಹೊರೆಯಿಂದಲೇ ಹುಲ್ಲು ಎಳೆದಳು. ಅವನ ಕೆಳಗಿನಿಂದ. ಅವನು ಒಂದು ಪಕ್ಕಕ್ಕೆ ವಾಲಿದ. ಆಗ ಅವಳ ಮೂತಿಗೆ ಹಣೆ ಕೊಟ್ಟು ಅತ್ತ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಎಲ್ಲೀ ತನಕ ಹತ್ತಿದ್ಲು?"

"ಬಂಗ್ಲೆ ತನಕ."

"ಮೊದ್ಲನೇ ಏರಲ್ಲಿ?"

"ನಿಂತ್ಲು. ಕಲ್ಲು ಮುಟ್ಟಿ ನೋಡಿದ್ಲು. ಹತ್ತಿದ್ಲು."

"ಯಾವ ಕಾಲಲ್ಲಿ ಮುಟ್ಟಿದ್ಲು?"

"ಎಡಗಾಲು."

"ಹ್ಞಾ, ಎಡಗಾಲೇ. ಆಮೇಲೆ?"

ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ, "ಇನ್ನೊಂದ್ ಸಲ ಹೇಳಿ ಡಾಕ್ಟ್ರೇ, ನಿಧಾನಕ್ಕೆ" ಎಂದ. ಆ ಚಳಿಗಾಲವೆಲ್ಲ, ನಾನು ಲಾಯಕ್ಕೆ ಹೋದಾಗಲೆಲ್ಲ, ಅವನಿಗೆ ಆ ಏರನ್ನು ಹೇಳಬೇಕಾಗುತ್ತಿತ್ತು. ಒಂದು ಹೆಜ್ಜೆ ಬಿಟ್ಟರೂ ತಿದ್ದುತ್ತಿದ್ದ; ನೋಡಿದವನು ನಾನು, ತಿದ್ದುವವನು ಅವನು. ಎರಡು ವರ್ಷ ಕಳೆದು ನಾನು ಕಡೂರಿನ ಕಡೆ ಬೇರೆ ಕೆಲಸಕ್ಕೆ ಹೋದೆ. ಹೊರಡುವಾಗ ಕುದುರೆ ಚೆನ್ನಾಗಿದ್ದಳು. ಅವಳ ಕೊನೆಯನ್ನು, ಅವನ ಕೊನೆಯನ್ನು ನಾನು ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ಇಷ್ಟು ವರ್ಷದಲ್ಲಿ ಆ ಏರನ್ನು ನನ್ನಿಂದ ಮತ್ತೆ ಯಾರೂ ಕೇಳಿಲ್ಲ. ಯಾರಾದರೂ ಕೇಳಲಿ ಎಂದು ಅನ್ನಿಸುತ್ತದೆ.

ಕುದುರೆ ಆ ಏರು ಹತ್ತಿದ್ದನ್ನು ಕಂಡವರಲ್ಲಿ ದೊರೆ ತಮ್ಮ ದೇಶಕ್ಕೆ ಹೋದರು, ಮೇಸ್ತ್ರಿ ತೀರಿಕೊಂಡ. ಮೇಲಿನ ಬಂಗಲೆಯ ಬಾಗಿಲಲ್ಲಿ ನಿಂತು ನೋಡಿದ ಅಡಿಗೆಯವನು ಜಾವಳಿಯಲ್ಲಿದ್ದಾನೆ, ಸಂಶಯವಿದ್ದವರು ಕೇಳಬಹುದು. ಹುಲ್ಲು ಕಿತ್ತದ್ದನ್ನು ಕಂಡವರು ಇಬ್ಬರೇ, ನಾನು ಮತ್ತು ಅವನ ಹೆಂಡತಿ. ಅವಳು ಗೋಣಿಬೀಡಿನಲ್ಲಿ ತಮ್ಮನ ಮಗನ ಮನೆಯಲ್ಲಿದ್ದಾಳೆ. ಕಿವಿ ಕೇಳಿಸುವುದಿಲ್ಲ, ಕಣ್ಣು ಚೆನ್ನಾಗಿದೆ.